ದುರ್ಗದ ಪ್ರವಾಸ ಮತ್ತು ಎದುರುಮನೆಯಾಕೆ

ಭದ್ರಾವತಿಯ ನ್ಯೂಟೌನಿನಲ್ಲಿ ನಮ್ಮ ಕ್ವಾರ್ಟರ್ಸಿಗೂ ನನ್ನ ಗೆಳತಿಯ ಕ್ವಾರ್ಟರ್ಸಿಗೂ ನಡುವೆ ಇದ್ದದ್ದು ಎದೆಮಟ್ಟದ ಒಂದು ಗೋಡೆ. ನಮ್ಮಿಬ್ಬರ ಗಂಡಂದಿರೂ ಕಾರ್ಖಾನೆಯ ಒಂದೇ ವಿಭಾಗದಲ್ಲಿದ್ದರು. ಅವರು ಮೊದಲ ಶಿಫ್ಟಿಗೆ ಹೋಗಿ, ಮಕ್ಕಳು ಶಾಲೆಗೆ ಹೊರಟ ಮೇಲೆ ನಾವಿಬ್ಬರೂ ಗೋಡೆಯ ಆಚೀಚೆ ನಿಂತು ಬಟ್ಟೆ ಹಿಂಡುತ್ತಾ, ಸೊಪ್ಪು ಬಿಡಿಸುತ್ತಾ ಚಿತ್ರದುರ್ಗಕ್ಕೆ ಹೋಗುತ್ತಿದ್ದೆವು. ಹೋಗುತ್ತಿದ್ದೆವು ಅಂದರೆ ಮಾತಿನಲ್ಲಿ.

ಅವಳು ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಆ ಕೋಟೆ ನೋಡಿ ಬಂದಿದ್ದಳು. ನಮ್ಮ ಶಾಲೆಯಿಂದಲೂ ಪ್ರವಾಸ ಹೋಗಿತ್ತು. ಆದರೆ ನನಗೆ ಅದೇ ವಾರ ಮಂಗನಬಾವು ಬಂದು, ಊದಿದ ಕೆನ್ನೆಗೆ ಬಟ್ಟೆ ಕಟ್ಟಿಕೊಂಡು ಮನೆಯಲ್ಲೇ ಉಳಿದಿದ್ದೆ. ಈ ಕಥೆ ಕೇಳಿದಾಗ ಅವಳು ನಕ್ಕುಬಿಟ್ಟಿದ್ದಳು. ಆಮೇಲೆ ಕೈಯಲ್ಲಿದ್ದ ಲಂಗವನ್ನು ಗೋಡೆಯ ಮೇಲೆ ಹರಡಿ, "ನಾನು ಕರ್ಕೊಂಡು ಹೋಗ್ತೀನಿ ಬಿಡೇ. ಬೆಳಿಗ್ಗೆ ತಿಂಡಿ ಕಟ್ಕೊಂಡು ಹೊರಟ್ರೆ ಸಂಜೆಗೆ ವಾಪಸ್. ಅದೇನು ಕಾಶಿಯಾ ಮಾರಾಯ್ತಿ?" ಅಂದಿದ್ದಳು.

ಅಂದಿನಿಂದ ಪ್ರತಿ ವರ್ಷವೂ ದುರ್ಗದ ಯೋಜನೆ ನಡೆಯುತ್ತಿತ್ತು. ಯಾವ ಬಸ್ಸು, ಪುಳಿಯೋಗರೆಯೋ ಚಪಾತಿಯೋ, ಯಾವ ಸೀರೆ ಉಟ್ಟರೆ ಬಂಡೆ ಹತ್ತಲು ಸಲೀಸು, ಎಲ್ಲವನ್ನೂ ಮಾತಾಡುತ್ತಿದ್ದೆವು. ಕೊನೆಗೆ ಶಿಫ್ಟ್ ಬದಲಾಗುತ್ತಿತ್ತು, ಇಲ್ಲವೇ ಮಕ್ಕಳ ಪರೀಕ್ಷೆ ಬರುತ್ತಿತ್ತು, ಇಲ್ಲವೇ ಊರಿನಿಂದ ನೆಂಟರು ಬಂದಿಳಿಯುತ್ತಿದ್ದರು. ಹೋಗಲಾಗಲಿಲ್ಲವೆಂದು ನಾನು ಅಷ್ಟೇನೂ ಬೇಸರ ಮಾಡಿಕೊಂಡವಳಲ್ಲ. ಆ ಮಾತುಕತೆಯೇ ನಮಗೆ ಸಾಕಾಗಿತ್ತು. ಅದರೊಳಗೆ ಮೂರನೆಯವರು ಯಾರೂ ಇರಲಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಕಾರ್ಖಾನೆಯ ಬಹಳ ಮಂದಿ ಸ್ವಯಂ ನಿವೃತ್ತಿ ತೆಗೆದುಕೊಂಡರು. ಗೆಳತಿಯ ಗಂಡನೂ ತೆಗೆದುಕೊಂಡು, ಶಿವಮೊಗ್ಗದ ವಿನೋಬನಗರದಲ್ಲಿ ಮನೆ ಕಟ್ಟಿಸಿ, ಸಣ್ಣದೊಂದು ಎಲೆಕ್ಟ್ರಿಕಲ್ ಅಂಗಡಿ ಹಾಕಿದ. ಸಾಮಾನು ತುಂಬಿದ ಲಾರಿ ಹೊರಟ ದಿನ ನಾವಿಬ್ಬರೂ ಅತ್ತೆವು. "ಬಸ್ಸಿಗೆ ಅರ್ಧ ಗಂಟೆ ದಾರಿ, ಅಮೆರಿಕಕ್ಕೆ ಹೋಗೋರ ಥರ ಅಳ್ತೀರಲ್ಲ," ಎಂದು ನನ್ನ ಗಂಡ ನಕ್ಕ. ಅರ್ಧ ಗಂಟೆಯ ದಾರಿಯೇನೋ ನಿಜ. ಆದರೆ ಗೋಡೆಯ ಆಚೆ ಒಬ್ಬಳು ನಿಂತಿರುವುದು ಬೇರೆ, ಸೀರೆ ಬದಲಿಸಿ ಬಸ್ಸು ಹತ್ತಿ ಹೋಗಿ ನೋಡುವುದು ಬೇರೆ.

ಮೊದಮೊದಲು ಅವಳ ಫೋನಿನ ಮಾತೆಲ್ಲ ಭದ್ರಾವತಿಯದೇ ಆಗಿತ್ತು. ಪಕ್ಕದ ಕ್ವಾರ್ಟರ್ಸಿಗೆ ಯಾರು ಬಂದರು, ಕರಿಬೇವಿನ ಗಿಡ ಇದೆಯಾ ಕಡಿದರಾ ಎಂದು ಕೇಳುತ್ತಿದ್ದಳು. ಬರಬರುತ್ತಾ ಆ ಮಾತಿನೊಳಗೆ ಎದುರುಮನೆಯಾಕೆ ಬಂದಳು. ಅಡಿಕೆ ಮಂಡಿಯವರ ಹೆಂಡತಿ. ತವರು ಹೊಳಲೂರಿನ ಕಡೆ, ಗದ್ದೆ ತೋಟ ಇದ್ದ ಮನೆತನ. ಎದುರುಮನೆಯವರು ರೊಟ್ಟಿ ಕೊಟ್ಟರು, ಎದುರುಮನೆಯವರು ಗಾಂಧಿ ಬಜಾರಿಗೆ ಜೊತೆಗೆ ಬಂದರು, ಎದುರುಮನೆಯವರು ಹೀಗಂದರು. ನಾನು ರಿಸೀವರ್ ಹಿಡಿದುಕೊಂಡು "ಹ್ಞೂಂ" ಅನ್ನುತ್ತಿದ್ದೆ. ಒಂದು ದಿನ ಪಲ್ಯಕ್ಕೆ ಹುಚ್ಚೆಳ್ಳು ಪುಡಿ ಹಾಕುವುದನ್ನು ಆಕೆಯಿಂದ ಕಲಿತೆ ಎಂದಳು. ನಾನೇ ಅದನ್ನು ಅವಳಿಗೆ ಹಿಂದೆ ಎಷ್ಟೋ ಸಲ ಮಾಡಿ ಕೊಟ್ಟಿದ್ದೆ. ಫೋನಿಟ್ಟ ಮೇಲೆ ಹೊಟ್ಟೆಯೊಳಗೆ ಸಣ್ಣಗೆ ಉರಿಯತೊಡಗಿತು. ನಲವತ್ತು ದಾಟಿದ ಹೆಂಗಸಿಗೆ ಹೀಗಾಗುತ್ತದೆಂದು ಯಾರಿಗೆ ಹೇಳುವುದು?

ಹೀಗಿರುವಾಗ ಒಂದು ಬೆಳಿಗ್ಗೆ ಫೋನ್ ಬಂತು. "ದುರ್ಗಕ್ಕೆ ಹೋಗೋಣ ಕಣೇ. ಈ ಸಲ ತಪ್ಪೋದೇ ಇಲ್ಲ. ಎದುರುಮನೆಯವರ ಸುಮೋ ಇದೆ, ಅವರೂ ಬರ್ತಾರೆ. ಭಾನುವಾರ ನಮ್ಮನೆಗೆ ಬಾ, ಕೂತು ಪ್ಲಾನ್ ಮಾಡೋಣ."

ನನಗೆ ಖುಷಿಯಾಗಬೇಕಿತ್ತು. ಆದರೆ ನಮ್ಮಿಬ್ಬರದೇ ಆಗಿದ್ದ ದುರ್ಗವನ್ನು ಅವಳು ಎತ್ತಿ ಎದುರುಮನೆಯಾಕೆಯ ಸುಮೋದಲ್ಲಿ ಕೂರಿಸಿದಂತೆ ಕಂಡಿತು.

ಭಾನುವಾರ ಬೆಳಿಗ್ಗೆಯೇ ಎದ್ದು ಅವಳಿಗಿಷ್ಟವೆಂದು ಕೋಡುಬಳೆ ಕರಿದು, ಡಬ್ಬಿ ಹಿಡಿದು ಬಸ್ಸು ಹತ್ತಿದೆ. ಹೊಸ ಮನೆಯ ಹಾಲಿನಲ್ಲಿ ಸೋಫಾದ ಮೇಲೆ ಕೂತು ಇನ್ನೂ ಸೆರಗು ಸರಿಮಾಡಿಕೊಳ್ಳುತ್ತಿದ್ದೆ, ಅಷ್ಟರಲ್ಲಿ ಎದುರುಮನೆಯಾಕೆ ಬಂದಳು. ಬಾಗಿಲು ತಟ್ಟಲಿಲ್ಲ, ಕರೆಯಲೂ ಇಲ್ಲ. ಎತ್ತರದ ಹೆಂಗಸು, ಹಣೆಯ ಮೇಲೆ ಸಣ್ಣ ವಿಭೂತಿ, ಗಟ್ಟಿ ದನಿ. "ಬಂದ್ರಾ ಅಕ್ಕಾ? ನಿಮ್ಮ ವಿಷ್ಯ ದಿನಾ ಕೇಳ್ತಿರ್ತೀನಿ," ಎನ್ನುತ್ತಾ ನೇರ ಅಡುಗೆಮನೆಗೆ ಹೋದಳು. ಸಕ್ಕರೆ ಡಬ್ಬಿ ಯಾವ ಗೂಡಿನಲ್ಲಿದೆ ಎಂದು ಆಕೆಗೆ ಗೊತ್ತಿತ್ತು. ನನಗೆ ಟ್ರೇಯಲ್ಲಿ ಕಾಫಿ ಬಂತು. ಅವರಿಬ್ಬರೂ ಒಲೆಯ ಕಟ್ಟೆಗೆ ಒರಗಿ ನಿಂತೇ ಕುಡಿದರು. ಆ ಟ್ರೇಯನ್ನು ನೋಡುತ್ತಾ ನಾನು ಈ ಮನೆಗೆ ನೆಂಟಳಾಗಿಬಿಟ್ಟೆ ಅನ್ನಿಸಿತು.

ಆಮೇಲೆ ಯೋಜನೆ ಶುರುವಾಯಿತು. ನಾನು ಪುಳಿಯೋಗರೆ ತರುತ್ತೇನೆ ಎಂದೆ. "ಅದು ಬಾಯಾರಿಕೆ ಜಾಸ್ತಿ ಮಾಡುತ್ತೆ. ರೊಟ್ಟಿ, ಚಟ್ನಿಪುಡಿ, ಮೊಸರನ್ನ ನಾನು ಮಾಡ್ಕೊಂಡು ಬರ್ತೀನಿ," ಎಂದಳು ಆಕೆ. ಸುಮೋ ಭದ್ರಾವತಿಯ ಮೇಲೆ ಬರುತ್ತದಲ್ಲ ಎಂದೆ. "ಸುತ್ತಾಗುತ್ತೆ ಅಕ್ಕಾ. ನೀವು ಬಸ್ಸಲ್ಲಿ ಹೊಳೆಹೊನ್ನೂರಿಗೆ ಬಂದ್ಬಿಡಿ. ಸರ್ಕಲ್ಲಲ್ಲಿ ಹತ್ತಿಸ್ಕೊಂಡು ಹೊಳಲ್ಕೆರೆ ಕಡೆ ಹೊರಟುಬಿಡೋಣ." ಅದೂ ಸರಿಯೇ ಇತ್ತು. ಆಕೆ ಹೇಳಿದ್ದೆಲ್ಲ ಸರಿಯಾಗಿಯೇ ಇರುತ್ತಿತ್ತು, ನನ್ನ ಸಿಟ್ಟಿಗೆ ಅದೇ ಕಾರಣ. ಗೆಳತಿ ಮಾತ್ರ ಕೋಡುಬಳೆ ಮುರಿಯುತ್ತಾ ಸುಮ್ಮನೆ ಕೂತಿದ್ದಳು. ಗೋಡೆಯ ಬಳಿ ನಿಂತರೆ ನನಗೆ ಬಾಯಿ ತೆರೆಯಲು ಬಿಡದವಳು ಅಂದು ಒಂದು ಮಾತೂ ಆಡುತ್ತಿರಲಿಲ್ಲ.

ಕೊನೆಗೆ ಎದುರುಮನೆಯಾಕೆ, "ಒಂದ್ ಮಾತು. ಕೋಟೆ ಹತ್ತೋದು ಬೇಡ ಅಲ್ವಾ? ಬಿಸ್ಲು. ಕೆಳಗೆ ಚಂದ್ರವಳ್ಳಿ ಕೆರೆ ನೋಡಿ, ಊರೊಳಗೆ ಸುತ್ತಿ, ಸೀರೆ ಅಂಗಡಿಗೆ ಹೋಗಿ ಬರೋಣ," ಎಂದಳು.

"ದುರ್ಗಕ್ಕೆ ಹೋಗಿ ಕೋಟೆ ನೋಡ್ದೇ ಬರೋದಾ?" ನನ್ನ ದನಿ ಏರಿತ್ತು. "ನಾವು ಇಷ್ಟು ವರ್ಷದಿಂದ ಮಾತಾಡಿದ್ದು ಸೀರೆ ಅಂಗಡಿ ವಿಷ್ಯ ಅಲ್ಲ."

ಗೆಳತಿ ಎದುರುಮನೆಯಾಕೆಯ ಮುಖ ನೋಡಿದಳು. ಆಕೆ ಇವಳ ಮುಖ ನೋಡಿದಳು. ಒಂದು ಕ್ಷಣದ ನೋಟ, ಅಷ್ಟೇ. ಅವರಿಬ್ಬರಿಗೂ ಗೊತ್ತಿರುವ, ನನಗೆ ಗೊತ್ತಿಲ್ಲದ ಏನೋ ಒಂದು ಆ ನೋಟದಲ್ಲಿತ್ತು. "ಆಮೇಲೆ ನೋಡೋಣ ಬಿಡೇ," ಎಂದಳು ಗೆಳತಿ. ಬಸ್ಸಿನ ಹೊತ್ತಾಯಿತು ಎಂದು ನೆಪ ಹೇಳಿ ಎದ್ದೆ.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಆ ನೋಟವನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡೆ. ನನ್ನನ್ನು ಕಂಡು ನಗುತ್ತಾರೋ? ನಾನು ಹೋದದ್ದೇ ಅವರಿಗೆ ತೊಡಕಾಯಿತೋ? ಮನೆಗೆ ಬಂದವಳೇ ಗಂಡನಿಗೆ, "ನಾನು ದುರ್ಗಕ್ಕೆ ಹೋಗಲ್ಲ," ಎಂದೆ.

"ಯಾಕೆ, ಏನಾಯ್ತು?"

"ಹೊಳೆಹೊನ್ನೂರು ಸರ್ಕಲ್ಲಲ್ಲಿ ನಿಂತು ಯಾರ್ದೋ ಗಾಡಿಗೆ ಕೈ ಒಡ್ಡೋ ಗತಿ ನನಗೆ ಬಂದಿಲ್ಲ."

ಅವನು ಪೇಪರಿನಿಂದ ತಲೆ ಎತ್ತಿ ನನ್ನನ್ನೊಮ್ಮೆ ನೋಡಿ, ಮತ್ತೆ ಪೇಪರಿಗೆ ಮರಳಿದ.

ಮರುದಿನ ಮಧ್ಯಾಹ್ನ ಫೋನ್ ಬಂತು. ಗೆಳತಿಯಲ್ಲ, ಎದುರುಮನೆಯಾಕೆ. "ಅಕ್ಕಾ, ನಿಮ್ಗೆ ಹೇಳ್ಬಾರ್ದು ಅಂತ ನಿಮ್ಮ ಗೆಳತಿ ಆಣೆ ಹಾಕ್ಸಿದ್ದಾರೆ. ಆದ್ರೂ ಹೇಳ್ತೀನಿ, ನಿನ್ನೆ ನೀವು ಬೇಜಾರಾಗಿ ಹೋದ್ರಿ. ಅವ್ರಿಗೆ ಹಾರ್ಟಿನ ತೊಂದ್ರೆ. ವಾಲ್ವ್ ಸರಿ ಇಲ್ವಂತೆ. ಹೋದ ತಿಂಗಳು ಮಹಡಿ ಮೇಲೆ ಬಟ್ಟೆ ಒಣಗಿಸ್ತಾ ಬಿದ್ದುಬಿಟ್ರು. ನಾನೇ ನೋಡಿ ಓಡಿದ್ದು, ನಾನೇ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು. ಬೆಂಗ್ಳೂರಲ್ಲಿ ಆಪರೇಷನ್ ಅಂತಿದ್ದಾರೆ. ಗಾಡೀಲಿ ಹೋಗ್ಬಹುದು, ಹತ್ತೋ ಹಾಗಿಲ್ಲ ಅಂದಿದ್ದಾರೆ ಡಾಕ್ಟ್ರು. ಆಪರೇಷನ್‌ಗೆ ಮುಂಚೆ ನಿಮ್ಗೆ ದುರ್ಗ ತೋರಿಸ್ಲೇಬೇಕಂತೆ ಅವ್ರಿಗೆ. ಮೊದ್ಲೇ ಹೇಳಿದ್ರೆ ನೀವು ಬೇಡ ಅಂತೀರಂತೆ."

ಇಂಥ ಸುದ್ದಿ ಕೇಳಿದಾಗ ಮೊದಲು ಎದೆ ಝಲ್ಲೆನ್ನಬೇಕು. ಎಂದಿತು ಕೂಡ. ಆದರೆ ಅದಕ್ಕೂ ಒಂದು ಚೂರು ಮುಂಚೆ ನನ್ನ ಮನಸ್ಸಿನಲ್ಲಿ ಬಂದದ್ದು, ಬಿದ್ದವಳ ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡದ್ದು ಇವಳು, ನಾನಲ್ಲ, ಎಂಬುದು. ಎದೆಮಟ್ಟದ ಗೋಡೆ ಇದ್ದಿದ್ದರೆ ಅದನ್ನು ಹಾರಿ ನಾನೇ ಹೋಗುತ್ತಿದ್ದೆ. ಆಕೆಯ ಗಟ್ಟಿ ದನಿ ಫೋನಿನಲ್ಲಿ ಸ್ವಲ್ಪ ಒಡೆದಿತ್ತು. ಅದೂ ನನಗೆ ಸಹಿಸಲಾಗಲಿಲ್ಲ. ನನ್ನ ಗೆಳತಿಗಾಗಿ ಅಳಲು ಇವಳ್ಯಾರು?

ಗೆಳತಿಗೆ ಏನೂ ಗೊತ್ತಿಲ್ಲದವಳಂತೆ ಸಂಜೆ ಫೋನ್ ಮಾಡಿ, "ಹೊಳೆಹೊನ್ನೂರಿಗೆ ಬರ್ತೀನಿ ಬಿಡೇ," ಎಂದೆ.

ಹೊರಟದ್ದು ನಾವು ಮೂವರು ಹೆಂಗಸರು ಮತ್ತು ಮಂಡಿಯ ವಯಸ್ಸಾದ ಡ್ರೈವರ್. ಸರ್ಕಲ್ಲಿನಲ್ಲಿ ಸುಮೋ ನಿಂತಾಗ ಗೆಳತಿ ಹಿಂದಿನ ಸೀಟಿನ ನಡುವೆ ಕೂತಿದ್ದಳು, ಒಂದು ಪಕ್ಕ ಎದುರುಮನೆಯಾಕೆ. ಇನ್ನೊಂದು ಪಕ್ಕಕ್ಕೆ ನಾನು ಹತ್ತಿದೆ. ದಾರಿಯುದ್ದಕ್ಕೂ ಅವಳ ಒಂದು ಕೈ ನನ್ನ ತೊಡೆಯ ಮೇಲಿತ್ತು. ಇನ್ನೊಂದು ಕೈ ಎಲ್ಲಿದೆ ಎಂದು ನಾನು ಬಗ್ಗಿ ನೋಡಲಿಲ್ಲ. ಹೊಳಲ್ಕೆರೆ ದಾಟಿದ ಮೇಲೆ ಗಾಡಿ ನಿಲ್ಲಿಸಿ ಮರದ ಕೆಳಗೆ ರೊಟ್ಟಿ ತಿಂದೆವು. ರೊಟ್ಟಿ ಮೆತ್ತಗಿತ್ತು, ಚಟ್ನಿಪುಡಿ ಚೆನ್ನಾಗಿತ್ತು. ಹೇಳಲು ಬಾಯಿ ಬರಲಿಲ್ಲ.

ದುರ್ಗದಲ್ಲಿ ಚಂದ್ರವಳ್ಳಿಗೆ ಹೋಗೋಣ ಎಂದು ನಾನೇ ಹೇಳಿದೆ. ಗೆಳತಿ ನನ್ನ ಮುಖವನ್ನೂ ಎದುರುಮನೆಯಾಕೆಯ ಮುಖವನ್ನೂ ನೋಡಿದಳು. "ಹೇಳಿಬಿಟ್ರಾ?" ಎಂದು ಆಕೆಯನ್ನು ಕೇಳಿದಳು. ಆಕೆ ಕಿಟಕಿಯ ಕಡೆ ಮುಖ ತಿರುಗಿಸಿದಳು. "ಸರಿ, ಗೊತ್ತಾದದ್ದೂ ಒಳ್ಳೇದೇ ಆಯ್ತು. ಗಾಡಿ ಕೋಟೆಗೆ ತಿರುಗಿಸಪ್ಪಾ," ಎಂದಳು ಡ್ರೈವರಿಗೆ.

ಕೋಟೆಯ ಮೊದಲ ಬಾಗಿಲು ದಾಟಿ, ನೆರಳಿದ್ದ ಒಂದು ಕಲ್ಲುಕಟ್ಟೆಯ ಮೇಲೆ ಅವಳು ಕೂತಳು. "ನೀವಿಬ್ರೂ ಹೋಗ್ಬನ್ನಿ."

"ನಾನು ಇಲ್ಲೇ ಇರ್ತೀನಿ," ಎಂದೆ. "ನಾನು ಎಷ್ಟೋ ಸಲ ನೋಡಿದ್ದೀನಿ, ನಾನಿರ್ತೀನಿ," ಎಂದಳು ಎದುರುಮನೆಯಾಕೆ. ಇಬ್ಬರೂ ಒಟ್ಟಿಗೇ ಅಂದೆವು.

"ಇಬ್ರೂ ಹೋಗ್ಲಿಲ್ಲ ಅಂದ್ರೆ ನಾನೇ ಹತ್ತೋಕೆ ಶುರು ಮಾಡ್ತೀನಿ, ನೋಡಿ," ಎಂದು ಅವಳು ಎದ್ದೇಬಿಟ್ಟಳು. ಅವಳ ಹಟ ಇಬ್ಬರಿಗೂ ಗೊತ್ತಿತ್ತು. ಡ್ರೈವರಿಗೆ ಹತ್ತಿರವೇ ಇರಲು ಹೇಳಿ ಹೊರಟೆವು.

ಇಷ್ಟು ವರ್ಷ ಕಾದ ಕೋಟೆಯನ್ನು ನಾನು ನೋಡಿದ್ದು ಹೀಗೆ: ಪಕ್ಕದಲ್ಲಿ ಯಾರು ಬೇಡವಾಗಿತ್ತೋ ಆಕೆಯೊಂದಿಗೆ, ಮಾತಿಲ್ಲದೆ, ಏದುಸಿರು ಬಿಡುತ್ತಾ. ಒಂದು ಬಾಗಿಲು, ಇನ್ನೊಂದು ಬಾಗಿಲು, ಒಂದರ ಮೇಲೊಂದು ಕೂತ ಬಂಡೆಗಳು, ಹಸಿರು ನೀರಿನ ಹೊಂಡ, ಕೈಯಲ್ಲಿದ್ದುದನ್ನು ಕಿತ್ತುಕೊಳ್ಳಲು ಕಾದ ಕೋತಿಗಳು. ಒಂದು ಕಡಿದಾದ ಕಡೆ ಆಕೆ ಕೈ ಚಾಚಿದಳು. ಹಿಡಿಯದೆ ವಿಧಿಯಿರಲಿಲ್ಲ. ಮೇಲೆ ದೇವಸ್ಥಾನದ ಬಳಿ ನಿಂತಾಗ ಊರು, ಕೆರೆ, ಬೆಟ್ಟದ ಸಾಲು ಎಲ್ಲ ಕಾಣುತ್ತಿತ್ತು. ಆದರೆ ಇಬ್ಬರೂ ಹುಡುಕಿದ್ದು ಕೆಳಗಿನ ಕಲ್ಲುಕಟ್ಟೆಯನ್ನು. ಅದು ಕಾಣಲಿಲ್ಲ.

"ಇಳಿಯೋಣ್ವಾ ಅಕ್ಕಾ?" ಎಂದಳು ಆಕೆ.

ಇಳಿಯುವಾಗ ನಾನು ಹೆಜ್ಜೆ ಜೋರು ಮಾಡಿದೆ. ಆಕೆಯೂ ಮಾಡಿದಳು. ನಾನು ಇನ್ನೂ ಜೋರು ಮಾಡಿದೆ. ಕೆಳಗೆ ಗೆಳತಿಗೆ ಏನಾಯಿತೋ ಎಂಬ ಆತಂಕ ಇಬ್ಬರಿಗೂ ಇತ್ತು, ಸುಳ್ಳಲ್ಲ. ಆದರೆ ಮೊದಲು ಅವಳ ಬಳಿ ಯಾರು ತಲುಪುತ್ತಾರೆ ಎಂಬುದೂ ಇತ್ತು. ನೆರಿಗೆ ಎತ್ತಿ ಹಿಡಿದು ಇಬ್ಬರು ದೊಡ್ಡ ಹೆಂಗಸರು ಓಡುತ್ತಾ ಇಳಿಯುವುದನ್ನು ಕಂಡು ಶಾಲೆಯ ಹುಡುಗಿಯರ ಸಾಲೊಂದು ಪಕ್ಕಕ್ಕೆ ಸರಿದು ನಗುತ್ತಾ ದಾರಿ ಬಿಟ್ಟಿತು.

ಇಬ್ಬರೂ ಒಟ್ಟಿಗೇ ಕಲ್ಲುಕಟ್ಟೆಯ ಎದುರು ಬಂದು ನಿಂತೆವು. ಗೆಳತಿಯ ಪಕ್ಕದಲ್ಲಿ ಸೌತೆಕಾಯಿ ಮಾರುವ ಹೆಂಗಸೊಬ್ಬಳು ಬುಟ್ಟಿ ಇಳಿಸಿ ಕೂತಿದ್ದಳು. ಅವಳು ಹೇಳಿದ ಏನಕ್ಕೋ ನನ್ನ ಗೆಳತಿ ಅವಳ ಭುಜ ತಟ್ಟುತ್ತಾ, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. ನಾವು ಬಂದದ್ದನ್ನೂ ನೋಡಲಿಲ್ಲ.

"ಬಂದ್ರಾ?" ಎಂದಳು ಕೊನೆಗೆ. "ಇವ್ರ ತವ್ರು ಹೊಳೆಹೊನ್ನೂರ ಹತ್ರವೇ ಅಂತೆ. ಮಗಳನ್ನ ಭದ್ರಾವತಿಗೆ ಕೊಟ್ಟಿದ್ದಾರಂತೆ. ಮುಂದಿನ ತಿಂಗ್ಳು ಬರ್ತಾರೆ, ನಮ್ಮನೆಗೆ ಬನ್ನಿ ಅಂದಿದ್ದೀನಿ."

ಎದುರುಮನೆಯಾಕೆ ನನ್ನ ಕಡೆ ತಿರುಗಿ ಮೆಲ್ಲಗೆ, "ನೋಡಿದ್ರಾ ಇವ್ರನ್ನ! ನಾವಿಬ್ರು ಅಲ್ಲಿ ಜೀವ ಕೈಯಲ್ಲಿ ಹಿಡ್ಕೊಂಡು ಓಡಿ ಬಂದ್ರೆ," ಎಂದಳು. ಆಕೆಯ ಮುಖ ನೋಡಿದೆ. ನನ್ನ ಹೊಟ್ಟೆಯಲ್ಲಿ ಉರಿಯುತ್ತಿದ್ದುದೇ ಆ ಮುಖದ ಮೇಲೂ ಇತ್ತು. ಇಬ್ಬರಿಗೂ ಒಮ್ಮೆಲೇ ನಗು ಬಂತು. ಏಕೆಂದು ಕೇಳಿದ ಗೆಳತಿಗೆ ನಾವಿಬ್ಬರೂ ಹೇಳಲಿಲ್ಲ. ಅವಳಿಗೆ ಗೊತ್ತಿಲ್ಲದ, ನಮಗಿಬ್ಬರಿಗೆ ಮಾತ್ರ ಗೊತ್ತಿರುವ ಒಂದು ವಿಷಯ ಕೊನೆಗೂ ಹುಟ್ಟಿತ್ತು.

ಆ ವರ್ಷವೇ ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಆಸ್ಪತ್ರೆಯಲ್ಲಿ ನಾನೂ ಎದುರುಮನೆಯಾಕೆಯೂ ಸರದಿಯ ಮೇಲೆ ಕೂತೆವು. ಸರದಿ ಹಂಚಿಕೊಳ್ಳುವಾಗ ಒಂದಷ್ಟು ಜಗಳವೂ ಆಯಿತು. ಗೆಳತಿ ಚೇತರಿಸಿಕೊಂಡು ಬಂದು, ಮೊದಲಿಗಿಂತ ಹೆಚ್ಚು ಮಾತಾಡುತ್ತಾಳೆ. ಎದುರುಮನೆಯಾಕೆ ನನಗೂ ವರ್ಷಕ್ಕೊಮ್ಮೆ ಚಟ್ನಿಪುಡಿ ಕಳಿಸುತ್ತಾಳೆ. ಚೆನ್ನಾಗಿದೆ ಎಂದು ಈಗ ಹೇಳುತ್ತೇನೆ.

ಆದರೂ ಮಧ್ಯಾಹ್ನ ಗೆಳತಿಗೆ ಫೋನ್ ಮಾಡಿದಾಗ, ಒಳಗಿನಿಂದ ಆ ಗಟ್ಟಿ ದನಿ ಏನೋ ಹೇಳುವುದೂ ಇವಳು ರಿಸೀವರಿಗೆ ಕೈ ಅಡ್ಡ ಹಿಡಿದು ನಗುವುದೂ ಕೇಳಿಸಿದರೆ, ಮಾತು ಮೊಟಕು ಮಾಡಿ ಫೋನಿಟ್ಟು, ಅಂಗಳಕ್ಕೆ ಹೋಗಿ ಒಣಗಿದ ಬಟ್ಟೆಗಳನ್ನು ಸ್ವಲ್ಪ ಜೋರಾಗಿಯೇ ಎಳೆದುಕೊಳ್ಳುತ್ತೇನೆ.