ಚಿಕ್ಕಮ್ಮನ ನಾಟಕಮನೆ, ದೊಡ್ಡವರ ಔದಾರ್ಯ

ನನ್ನ ಚಿಕ್ಕಮ್ಮ ಹಗಲು ಹೊತ್ತು ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದ ಮೇಲ್ವಿಚಾರಕಿ. ಸಂಜೆಯಾದರೆ ರಾಣಿ, ಭಿಕ್ಷುಕಿ, ಮಕ್ಕಳನ್ನೆಲ್ಲ ಹೂತು ಬದುಕಿದ ಮುದುಕಿ, ಏನು ಬೇಕಾದರೂ ಆಗುತ್ತಿದ್ದಳು. ಬಣ್ಣದ ಕಾರ್ಖಾನೆಯ ಹಿಂದಿನ ಓಣಿಯಲ್ಲಿ ಖಾಲಿ ಬಿದ್ದಿದ್ದ ಹತ್ತಿಯ ಗೋದಾಮನ್ನು ಬಾಡಿಗೆಗೆ ಹಿಡಿದು ಅವಳೂ ಚಿಕ್ಕಪ್ಪನೂ ಅದನ್ನು ನಾಟಕಮನೆ ಮಾಡಿದ್ದರು. ಚಿಕ್ಕಪ್ಪ ಲಿಫ್ಟ್ ರಿಪೇರಿ ಮಾಡುವವನು. ರಂಗದ ಮೇಲಿನ ದೀಪಗಳ ಉಸ್ತುವಾರಿಯೆಲ್ಲ ಅವನದೇ. ಮುಚ್ಚಿಹೋದ ಸಿನಿಮಾ ಟಾಕೀಸಿನಿಂದ ತಂದ ಕುರ್ಚಿಗಳು ಒಂದೊಂದೂ ಒಂದೊಂದು ರಾಗದಲ್ಲಿ ಕಿರುಗುಟ್ಟುತ್ತಿದ್ದವು. ನಟರು ಯಾರೆಂದರೆ ಒಬ್ಬ ಬಸ್ ಕಂಡಕ್ಟರ್, ಇಬ್ಬರು ನರ್ಸುಗಳು, ಕನ್ನಡಕದಂಗಡಿಯ ಒಬ್ಬ ಹುಡುಗಿ. ಗುಡಿಸಿ ಒರೆಸಿ, ಟಿಕೆಟ್ ಹರಿದು, ಮಾತು ಮರೆತವರಿಗೆ ಪರದೆಯ ಹಿಂದಿನಿಂದ ಪಿಸುಗುಟ್ಟುವ ಕೆಲಸ ಮಾತ್ರ ಓಣಿಯ ಒಬ್ಬ ಅಜ್ಜಿಯದು. ಸಂಬಳವಿದ್ದದ್ದು ಅವಳೊಬ್ಬಳಿಗೇ, ಅದೂ ತಿಂಗಳ ಕೊನೆಗೆ ಚಿಕ್ಕಪ್ಪನ ಜೇಬು ತಡಕಿ.

ಹೀಗೇ ವರ್ಷಗಟ್ಟಲೆ ನಡೆಯಿತು. ಒಂದೇ ತೊಂದರೆ, ಚಾವಣಿ ಸೋರುತ್ತಿತ್ತು. ಮಳೆ ಬಂದರೆ ತಗಡಿನ ಸದ್ದಿಗೆ ಪ್ರೇಮಿಗಳು ಸಂತೆಯಲ್ಲಿ ಜಗಳವಾಡುವವರ ಹಾಗೆ ಕೂಗಾಡಬೇಕಾಗುತ್ತಿತ್ತು. ಉಡುಪಿನ ಕೋಣೆಯಲ್ಲಿ ರಾಜನ ಅಂಗಿಗೂ ಸೇವಕನ ಅಂಗಿಗೂ ಭೇದವಿಲ್ಲದೆ ಬೂಷ್ಟು ಹಿಡಿಯುತ್ತಿತ್ತು.

ಆಗ ಯಾರೋ ಒಂದು ಪ್ರತಿಷ್ಠಾನದ ವಿಷಯ ಹೇಳಿದರು. ಸಿಮೆಂಟು ಮಾರಿ ದೊಡ್ಡವರಾದ ಮನೆತನವೊಂದು ಕಲೆ, ಸಾಹಿತ್ಯ, ಇತಿಹಾಸ ಉಳಿಸಲೆಂದೇ ಅದನ್ನು ಕಟ್ಟಿತ್ತು. ಸಿಮೆಂಟಿನವರಿಗೆ ಚಾವಣಿ ಒಂದು ಲೆಕ್ಕವೇ ಎಂದು ಚಿಕ್ಕಪ್ಪ ನಕ್ಕ. ಅಲ್ಲಿನ ಅಧಿಕಾರಿಯೊಬ್ಬರು ಗೋದಾಮು ನೋಡಲು ಬಂದರು. ಕೆಟ್ಟ ಮನುಷ್ಯನೇನಲ್ಲ, ಸೋರಿದ ಕಲೆಗಳನ್ನೆಲ್ಲ ತಲೆಯೆತ್ತಿ ನೋಡಿ ಅಯ್ಯೋ ಎಂದರು. ಆಮೇಲೆ ಹೇಳಿದರು: “ಮೇಡಂ, ಕಟ್ಟಡಕ್ಕೆ ನಾವು ಕೊಡಲ್ಲ. ಸಂಬಳಕ್ಕೂ ಕೊಡಲ್ಲ, ಅದು ಕಲೆಯ ಲೆಕ್ಕಕ್ಕೆ ಬರಲ್ಲ. ಹೊಸದೇನಾದ್ರೂ ಮಾಡೋದಿದ್ರೆ ಹೇಳಿ.”

“ಹಳೇದೇ ನಿಂತುಹೋದ್ರೆ ಹೊಸದನ್ನ ಎಲ್ಲಿ ಮಾಡೋದು ಸಾರ್?” ಎಂದಳು ಚಿಕ್ಕಮ್ಮ.

ಅದನ್ನು ನೀವೇ ಯೋಚಿಸಬೇಕು ಎಂದು ಅವರು ನಯವಾಗಿ ಹೇಳಿ ಕಾರು ಹತ್ತಿದರು.

ಚಿಕ್ಕಮ್ಮ ಚಿಕ್ಕಪ್ಪ ಯೋಚಿಸಿದರು. ಶಾಲೆ ಶಾಲೆಗೆ ಹೋಗಿ ಆಡುವ ಸಂಚಾರಿ ನಾಟಕವೊಂದನ್ನು ಹೊಸೆದರು. ಪ್ರತಿಷ್ಠಾನ ಸಂತೋಷದಿಂದ ಒಪ್ಪಿತು. ವ್ಯಾನಿಗೆ ಕೊಟ್ಟಿತು, ಮೈಕಿಗೆ ಕೊಟ್ಟಿತು, ತನ್ನ ಹೆಸರಿರುವ ಬ್ಯಾನರಿಗಂತೂ ಧಾರಾಳವಾಗಿ ಕೊಟ್ಟಿತು. ಆ ಬ್ಯಾನರ್ ನಾಟಕದುದ್ದಕ್ಕೂ ಹಿಂದಿನ ಗೋಡೆಯ ಮೇಲೆ ಇರಲೇಬೇಕು ಎಂಬ ಕರಾರು. ಅರಮನೆಯ ಹಿಂದೆಯೂ ಸಿಮೆಂಟು, ಸೆರೆಮನೆಯ ಹಿಂದೆಯೂ ಸಿಮೆಂಟು. ಮೂಗಿಗಿಂತ ಮೂಗುತಿ ಭಾರ ಎಂದು ಅಜ್ಜಿ ಗೊಣಗಿದಳು. ಅವಳಿಗೆ ಸಂಬಳ ಬಂದದ್ದು ಚಿಕ್ಕಪ್ಪನ ಜೇಬಿನಿಂದಲೇ.

ಆಮೇಲೆ ಪ್ರಶ್ನೆಗಳು ಶುರುವಾದವು. ನಿಮ್ಮ ನಾಟಕದಿಂದ ಎಷ್ಟು ಜನರ ಬದುಕು ಬದಲಾಯಿತು? ಬದಲಾದದ್ದಕ್ಕೆ ಪುರಾವೆ ಏನು? ತಾಲೀಮು ನಡೆಯಬೇಕಾದ ಸಂಜೆಗಳಲ್ಲಿ ಚಿಕ್ಕಮ್ಮ ಕಂಪ್ಯೂಟರ್ ಮುಂದೆ ಕೂತು ಇಂಥದಕ್ಕೆಲ್ಲ ಉತ್ತರ ಹುಡುಕುತ್ತಿದ್ದಳು. ನನ್ನ ಬದುಕೇ ಬದಲಾಗಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ಇನ್ನು ಬೇರೆಯವರದು ಏನು ಬರೆಯಲಿ ಎಂದು ನನ್ನ ಹತ್ತಿರ ಹೇಳಿಕೊಂಡಿದ್ದಳು. ದಾನದ ಎಮ್ಮೆಯ ಹಲ್ಲು ಎಣಿಸಬಾರದು ಅನ್ನುತ್ತಾರೆ. ಇಲ್ಲಿ ದಾನ ಕೊಟ್ಟವರೇ ಇಸಿದುಕೊಂಡವರ ಹಲ್ಲು ಎಣಿಸುತ್ತ ಕೂತಿದ್ದರು.

ಇಷ್ಟಾದರೂ ಸಹಿಸಬಹುದಿತ್ತು. ಆ ವರ್ಷ ನಮ್ಮ ಕಂಡಕ್ಟರು ಒಂದು ನಾಟಕ ಬರೆದ. ಒಬ್ಬ ದೋಣಿಗಿತ್ತಿ. ನದಿ ಉಕ್ಕಿದೆ, ಆಚೆ ದಡದಿಂದ ಯಾರೋ ಕೂಗುತ್ತಿದ್ದಾರೆ. ಪ್ರಾಣಭಯದಿಂದ ಅವಳು ದೋಣಿ ಬಿಡುವುದಿಲ್ಲ. ನೀರಿಳಿದ ಮೇಲೆ ತಿಳಿಯುತ್ತದೆ, ಕೂಗಿದ್ದು ಅವಳದೇ ಮಗಳು. ಚಿಕ್ಕಮ್ಮನೇ ದೋಣಿಗಿತ್ತಿ. ಕೊನೆಯಲ್ಲಿ ಅವಳು ಅಳುವುದಿಲ್ಲ, ಕೂಗುವುದಿಲ್ಲ, ಹಗ್ಗ ಬಿಚ್ಚಿ ಖಾಲಿ ದೋಣಿಯನ್ನು ನೀರಿಗೆ ತಳ್ಳುತ್ತಾಳೆ, ಅಷ್ಟೇ. ಆ ಕಿರುಗುಟ್ಟುವ ಕುರ್ಚಿಗಳಲ್ಲಿ ಒಂದೂ ಸದ್ದು ಮಾಡಲಿಲ್ಲ. ಪಕ್ಕದಲ್ಲಿ ಕೂತ ಗುರುತಿಲ್ಲದ ಹೆಂಗಸೊಬ್ಬಳು ನನ್ನ ಕೈ ಹಿಡಿದುಕೊಂಡಿದ್ದಳು. ನನಗೂ ಬಿಡಿಸಿಕೊಳ್ಳಬೇಕು ಅನ್ನಿಸಲಿಲ್ಲ.

ನೆರವು ಪಡೆದವರು ಯಾವ ನಾಟಕ ಆಡಿದರೂ ಬಾಗಿಲಲ್ಲಿ ಪ್ರತಿಷ್ಠಾನದವರು ಕಳಿಸಿದ ಚೀಟಿಗಳನ್ನು ಹಂಚಬೇಕಿತ್ತು. ಚೀಟಿಯಲ್ಲಿ ಮೂರು ಮುಖ: ನಗುವುದೊಂದು, ಸುಮ್ಮನಿರುವುದೊಂದು, ಅಳುವುದೊಂದು. ನೋಡಿದವರು ತಮಗೆ ಹೇಗನ್ನಿಸಿತೋ ಅದಕ್ಕೆ ಗುರುತು ಹಾಕಬೇಕು. ಕಣ್ಣು ಒರೆಸಿಕೊಳ್ಳುತ್ತ ಹೊರಬಂದ ಜನ ಮತ್ತೇನು ಮಾಡಿಯಾರು? ಅಳುವ ಮುಖಕ್ಕೆ ಗುರುತು ಹಾಕಿದರು. ಓಣಿಯ ತರಕಾರಿಯವನು ಪೆನ್ನು ಒತ್ತಿದ ರಭಸಕ್ಕೆ ಚೀಟಿಯೇ ಹರಿದಿತ್ತು.

ಕೆಲ ವಾರಗಳ ನಂತರ ಪ್ರತಿಷ್ಠಾನದ ತೀರ್ಮಾನ ಬಂತು: ಪ್ರೇಕ್ಷಕರಲ್ಲಿ ತೀವ್ರ ಅಸಮಾಧಾನ ಕಂಡುಬಂದಿದೆ.

ಚಿಕ್ಕಮ್ಮ ರಜೆ ಹಾಕಿ ಅವರ ಕಚೇರಿಗೆ ಹೋದಳು. ನಾನೂ ಜೊತೆಗಿದ್ದೆ. ಗಾಜಿನ ಗೋಡೆ, ಹೆಜ್ಜೆ ಸದ್ದು ನುಂಗುವ ಜಮಖಾನ, ಯಾರೂ ತಲೆಯೆತ್ತಿ ನೋಡದ ದೊಡ್ಡ ವರ್ಣಚಿತ್ರ. ಅದೇ ಅಧಿಕಾರಿ ಕುರ್ಚಿ ಎಳೆದುಕೊಟ್ಟರು. ಅದು ಅಳಿಸಲೆಂದೇ ಆಡಿದ ನಾಟಕ, ಜನ ಅತ್ತಿದ್ದಾರೆ ಎಂದು ಚಿಕ್ಕಮ್ಮ ಮಗುವಿಗೆ ಬಿಡಿಸಿ ಹೇಳುವಂತೆ ಹೇಳಿದಳು.

“ನನಗೆ ಅರ್ಥ ಆಗತ್ತೆ ಮೇಡಂ. ಆದ್ರೆ ಸಮಿತಿ ಮುಂದೆ ಅಂಕಿ ಮಾತ್ರ ಹೋಗತ್ತೆ,” ಎಂದರು ಅವರು. “ಮುಂದಿನ ಸಲ ನಗೋ ಥರದ್ದೇನಾದ್ರೂ ಮಾಡ್ಬಿಡಿ,” ಎಂದೂ ಸೇರಿಸಿದರು.

ನನಗೆ ಮೈಯೆಲ್ಲ ಉರಿಯಿತು. ಅರ್ಥವಾಗದವನ ಮೇಲೆ ಸಿಟ್ಟು ಮಾಡಿಕೊಳ್ಳಬಹುದು, ಅರ್ಥವಾಗಿಯೂ ಕೈಕಟ್ಟಿ ಕೂತವನನ್ನು ಏನು ಮಾಡುವುದು? ಚಿಕ್ಕಮ್ಮ ಬಸ್ಸಿನಲ್ಲಿ ಮನೆಯವರೆಗೂ ಕಿಟಕಿಯಾಚೆ ನೋಡುತ್ತ ಬಂದಳು.

ಅದೇ ವರ್ಷ ಪ್ರತಿಷ್ಠಾನದ ವಾರ್ಷಿಕೋತ್ಸವ. ಅವರ ನೆರವು ಪಡೆದವರೆಲ್ಲ ಬರಬೇಕು, ಏನಾದರೂ ಪ್ರದರ್ಶನ ಕೊಡಬೇಕು, ಅಳು ಬೇಡ ಎಂದು ಸೂಚನೆ ಬಂತು. ಕನ್ನಡಿಯಂತೆ ಹೊಳೆಯುವ ನೆಲದ ಸಭಾಂಗಣ. ಮುಂದಿನ ಮೇಜುಗಳಲ್ಲಿ ಊಟ ಸಾಗಿತ್ತು. ನೆರವು ಪಡೆದವರಲ್ಲೇ ಹಾಡಿನ ಮೇಷ್ಟ್ರೊಬ್ಬರು ಮುದುಕ ಮುದುಕಿಯರ ಗಾಯನ ಮೇಳ ನಡೆಸುತ್ತಿದ್ದರು. ಅತಿಥಿಗಳ ಮಾತಿಗೆ ಅಡ್ಡಿಯಾಗದಂತೆ ಮೆಲ್ಲಗೆ ಹಾಡಿ ಎಂದು ಯಾರೋ ಬಂದು ಅವರ ಕಿವಿಯಲ್ಲಿ ಹೇಳಿ ಹೋದರು. ನಮ್ಮವರು ಹಾಸ್ಯದ ತುಣುಕೊಂದನ್ನು ಆಡುವಾಗ ನಗು ಕೇಳಿತೋ ಚಮಚದ ಸದ್ದು ಕೇಳಿತೋ ಹೇಳಲಾರೆ.

ಅಧ್ಯಕ್ಷರು ಎದ್ದು ನಿಂತು ಮಾತಾಡಿದರು. ತಾವು ಕೈಹಿಡಿದು ನಡೆಸಿದ ಪುಟ್ಟ ಸಂಸ್ಥೆಗಳು ಈಗ ಸ್ವಂತ ಕಾಲ ಮೇಲೆ ನಿಂತಿವೆ, ಇನ್ನು ಹೊಸಬರ ಕೈ ಹಿಡಿಯುವ ಸಮಯ ಬಂದಿದೆ ಎಂದರು. ನೆರವು ನಿಂತಿತು ಎಂದು ಅಲ್ಲಿದ್ದವರಿಗೆಲ್ಲ ತಿಳಿದದ್ದು ಹೀಗೆ, ಚಪ್ಪಾಳೆಯ ನಡುವೆ. ಆಮೇಲೆ ಚಿಕ್ಕಮ್ಮನ ಕೈಗೆ ಗಾಜಿನ ಫಲಕವೊಂದನ್ನು ಕೊಟ್ಟು, ಎಲ್ಲರ ಪರವಾಗಿ ನಾಲ್ಕು ಮಾತು ಧನ್ಯವಾದ ಹೇಳಿ ಎಂದು ಮೈಕ್ ಮುಂದಿಟ್ಟರು.

ಅವಳು ಫಲಕವನ್ನು ಕೆಳಗಿಟ್ಟಳು. ದೋಣಿಗಿತ್ತಿಯ ದನಿಯಲ್ಲಲ್ಲ, ಒಗೆಯುವ ವಿಭಾಗದಲ್ಲಿ ಪಾಳಿ ಹಂಚುವ ದನಿಯಲ್ಲಿ ಹೇಳಿದಳು:

“ನೀವು ಕೊಟ್ಟಿದ್ದನ್ನ ಮರೆತಿಲ್ಲ. ಆದ್ರೆ ಸ್ವಂತ ಕಾಲ ಮೇಲೆ ನಿಂತಿದ್ದೀರಿ ಅಂದ್ರಲ್ಲ, ನೀವು ಬರೋಕ್ ಮುಂಚೆನೂ ನಿಂತೇ ಇದ್ವಿ. ಆಗ್ಲೂ ಚಾವಣಿ ಸೋರ್ತಿತ್ತು, ಈಗ್ಲೂ ಸೋರ್ತಿದೆ. ನಮ್ಮಲ್ಲಿ ಗುಡಿಸೋ ಅಜ್ಜಿಗೆ ಸಂಬಳ ಕೊಡಿ ಅಂದ್ರೆ ಅದು ಕಲೆ ಅಲ್ಲ ಅಂದ್ರಿ. ಗುಡಿಸ್ದೆ ಇರೋ ಮನೇಲಿ ಯಾರು ಕೂತು ನಾಟಕ ನೋಡ್ತಾರೆ? ಕೆಲಸ ಮಾಡೋರ ಹೊಟ್ಟೆಗೆ, ತಲೆ ಮೇಲಿನ ಸೂರಿಗೆ ಕೊಡಲ್ಲ ಅನ್ನೋದಾದ್ರೆ ಕೊಡ್ಬೇಡಿ. ಆದ್ರೆ ಕಲೆ ಉಳಿಸಿದ್ವಿ ಅಂತ ಹೇಳ್ಕೋಬೇಡಿ.”

ಹಾಡಿನ ಮೇಷ್ಟ್ರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಒಬ್ಬರೇ. ಉಳಿದ ಸಂಸ್ಥೆಗಳವರು ತಟ್ಟೆಯೊಳಗೆ ಏನೋ ಹುಡುಕುವವರಂತೆ ತಲೆ ತಗ್ಗಿಸಿದ್ದರು. ಅವರ ಬಗ್ಗೆ ನಾನು ಹೊರಗೆ ಬಂದು ಕೂಗಾಡಿದೆ. ಪಾಪ, ಅವರ ಬೇರೆ ಅರ್ಜಿಗಳು ಇನ್ನೂ ಒಳಗಿವೆ, ಸುಮ್ಮನಿರು ಎಂದಳು ಚಿಕ್ಕಮ್ಮ.

ಮುಂದಿನ ಮಳೆಗಾಲದಲ್ಲಿ ಗೋದಾಮಿನ ಚಾವಣಿ ಒಂದು ಮಧ್ಯಾಹ್ನ ಕುಸಿಯಿತು. ಒಳಗೆ ಯಾರೂ ಇರಲಿಲ್ಲ. ಉಡುಪಿನ ಕೋಣೆ ಮಾತ್ರ ಪೂರ್ತಿ ಹೋಯಿತು. ಚಿಕ್ಕಪ್ಪ ತಗಡಿನಡಿಯಿಂದ ದೀಪಗಳನ್ನು ಒಂದೊಂದೇ ಎತ್ತಿ ಒರೆಸುತ್ತಿದ್ದ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅದೇ ಸುಮಾರಿಗೆ ಪತ್ರಿಕೆಯಲ್ಲಿ ಸುದ್ದಿ ಬಂತು: ಪ್ರತಿಷ್ಠಾನ ಚಾವಣಿ ನಿಧಿ ಸ್ಥಾಪಿಸಿದೆ, ಅದು ಅಧ್ಯಕ್ಷರ ಸ್ವಂತ ಕಲ್ಪನೆ. ಮೊದಲ ನೆರವು ನಗರದ ದೊಡ್ಡ ವಸ್ತುಸಂಗ್ರಹಾಲಯಕ್ಕೆ, ಯಾವತ್ತೂ ಒಂದು ಹನಿ ಸೋರದ ಕಟ್ಟಡಕ್ಕೆ. ಅಧ್ಯಕ್ಷರ ಸೊಸೆ ಅಲ್ಲಿನ ಆಡಳಿತ ಮಂಡಳಿಯಲ್ಲಿದ್ದಾಳೆ. ನಾನು ಆ ಪತ್ರಿಕೆಯನ್ನು ಹರಿದು ಹಾಕಿದೆ. ಚಿಕ್ಕಮ್ಮ ತುಂಡುಗಳನ್ನು ಆರಿಸಿ, ಒದ್ದೆಯಾದ ಬೂಟುಗಳೊಳಗೆ ತುರುಕಿ ಒಣಗಲಿಟ್ಟಳು.

ಈಗ ನಾಟಕ ನಡೆಯುವುದು ಹಾಡಿನ ಮೇಷ್ಟ್ರ ಮೇಳದ ಹಾಲ್‌ನಲ್ಲಿ, ನಡುವೆ ಹಲಗೆಯ ಅಡ್ಡಗೋಡೆ ಹಾಕಿ. ಬಾಡಿಗೆ ಇಬ್ಬರದೂ, ಜಗಳವೂ ಇಬ್ಬರದೂ. ಗೋಡೆಯಾಚೆ ಅವರು ಸ್ವರ ಏರಿಸಿದರೆ ಈಚೆ ನಮ್ಮ ವಿಲನ್ ತನ್ನ ಗುಟ್ಟನ್ನು ಬೊಬ್ಬೆ ಹಾಕಿ ಹೇಳಬೇಕಾಗುತ್ತದೆ. ಅಜ್ಜಿಯ ಸಂಬಳವನ್ನು ಈಗ ಹಲ್ಲಿನ ಡಾಕ್ಟರೊಬ್ಬರ ವಿಧವೆ ಕೊಡುತ್ತಾರೆ. ಆಕೆ ಬ್ಯಾನರ್ ಕೇಳಲಿಲ್ಲ, ಪುರಾವೆ ಕೇಳಲಿಲ್ಲ. ಮುಂದಿನ ನಾಟಕ ಯಾವಾಗ, ಕಾಲು ನೋವಿನವರಿಗೆ ಮುಂದಿನ ಸಾಲಿನಲ್ಲಿ ಜಾಗ ಇಡುತ್ತೀರಾ ಎಂದು ಕೇಳಿದರು. ಕೊಡುವುದು ಇಷ್ಟು ಸುಲಭವಾಗಿದ್ದರೂ ಪ್ರತಿಷ್ಠಾನದವರಿಗೇಕೆ ಅಷ್ಟು ಕಷ್ಟವಾಯಿತು ಎಂದು ನನಗೆ ಈಗಲೂ ಸಿಟ್ಟು ಬರುತ್ತದೆ.

ಕಳೆದ ವಾರ ಬೇರೊಂದು ಪ್ರತಿಷ್ಠಾನದ ಜಾಹೀರಾತು ಕಂಡು ಚಿಕ್ಕಮ್ಮ ಮತ್ತೆ ಬರೆಯಲು ಕೂತಿದ್ದಳು. ಇನ್ನೂ ಬುದ್ಧಿ ಬಂದಿಲ್ಲವೇ ಎಂದು ರೇಗಿದೆ. ಅವಳು ತಲೆಯೆತ್ತದೆ ಹೇಳಿದಳು:

“ಯಾಕೆ ಕೇಳ್ಬಾರ್ದು? ಬೇಡ್ತಾ ಇಲ್ವಲ್ಲ, ಕೇಳ್ತಿದ್ದೀನಿ. ಮೊದಲನೇ ಸಾಲಲ್ಲೇ ಬರ್ದಿದ್ದೀನಿ, ನಮಗೆ ಬೇಕಾಗಿರೋದು ಬಾಡಿಗೆ ಅಂತ.”