ಹಜರತ್ ಅಲಿ ಸಾಬ್ರು ಕೊಡದ ಬಂದೂಕು

ಚಿತ್ರದುರ್ಗದಾಗೆ ಬಂದೂಕು ರಿಪೇರಿ ಮಾಡೋ ಹಜರತ್ ಅಲಿ ಸಾಬ್ರನ್ನ ನಾನು ಬೈದಷ್ಟು ಯಾರೂ ಬೈದಿರಲಿಕ್ಕಿಲ್ಲ. ಭರಮಸಾಗರದ ಪಕ್ಕದ ನಮ್ಮೂರಿಗೆ ಕಾಡುಹಂದಿ ಕಾಟ. ಶೇಂಗಾ ಹೊಲ ಕಾಯಾಕೆ ನಮ್ಮ ಯಜಮಾನ್ರು ಓಬಳೇಶಪ್ಪನೋರ ಹೆಸರಲ್ಲಿ ಲೈಸೆನ್ಸ್ ಬಂದೂಕು ಇತ್ತು. ಎಲೆಕ್ಷನ್ ಟೈಮಲ್ಲಿ ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಿದ್ದು ವಾಪಸ್ ಬಂದಾಗ ತುಕ್ಕು ಹಿಡಿದಿತ್ತು, ಸಾಬ್ರ ಹತ್ರ ಬಿಟ್ರು. ಮೂರು ತಿಂಗಳಾದ್ರೂ ಗುಂಡು ಹಾರಿಸೋ ಪಿನ್ನು ಬಂದಿಲ್ಲ ಅಂತ ಅದೇ ರಾಗ. ಅರ್ಧ ಹೊಲ ಹಂದಿ ಹೊಟ್ಟೆ ಸೇರ್ತು. ನನಗೆ ರೇಗಿಹೋಯ್ತು, ಬಸ್ ಹತ್ತಿ ಹೋಗಿ ಅಂಗಡಿ ಮುಂದೇನೇ ಬಾಯಿಗೆ ಬಂದಂಗೆ ಬೈದೆ.

ಸಾಬ್ರು ಜೇಬಿಂದ ಆ ಪಿನ್ನು ತೆಗೆದು ತೋರಿಸಿದ್ರು. ತಾವೇ ಕಿತ್ತಿಟ್ಟಿದ್ರಂತೆ. ಬಂದೂಕು ವಾಪಸ್ ಕೊಡೋ ಮುಂಚೆ ಟೀ ಕುಡಿಸಿ, ಹೊಲ, ಹಂದಿ, ನಾಯಿ ಅಂತ ಮಾತಾಡಿಸಿ ಮನಸ್ಸು ಹೆಂಗೈತೆ ಅಂತ ನೋಡೋದು ಅವರ ಪದ್ಧತಿ. ಹತ್ತು ವರ್ಷದ ಹಿಂದೆ ಹೊಸದುರ್ಗದ ಕಡೆಯೋನೊಬ್ಬ ಅವಸರ ಮಾಡಿದ ಅಂತ ಟೀ ಕುಡಿಸದೇ ಹಂಗೇ ಕೊಟ್ಟುಬಿಟ್ರಂತೆ. ಅವನನ್ನ ದುಡಿಯೋ ಕಡೆ ಕೆಲಸದಿಂದ ತೆಗೆದಿದ್ರಂತೆ, ಸಾಬ್ರಿಗದು ಗೊತ್ತಿರಲಿಲ್ಲ. ಬಂದೂಕು ಸಿಕ್ಕ ಮಾರನೇ ದಿನ ಅದೇ ಜಾಗಕ್ಕೆ ಹೋಗಿ ಮೂರು ಜನಾನ ಗುಂಡು ಹೊಡೆದು ಕೊಂದ.

"ನಾಯಿ ಹೆಂಗೈತೆ ಅಂತ ನಿಮ್ಮ ಯಜಮಾನ್ರನ್ನ ಕೇಳಿದೆ, ಜಯಕ್ಕ. ಯಾರಿಗೋ ಕೊಟ್ಟೆ ಅಂದ್ರು. ಹಂದಿ ಸುದ್ದೀನೇ ಎತ್ತಲಿಲ್ಲ. ಡೈರಿಯೋರ ಹೆಸರು ಮಾತ್ರ ಒಂದೊಂದಾಗಿ ಹೇಳಿದ್ರು."

ಡೈರಿ ಅಂದಕೂಡ್ಲೇ ನನಗೆ ಎಲ್ಲಾ ಹೊಳೀತು. ಇಪ್ಪತ್ತು ವರ್ಷ ಹಾಲಿನ ಡೈರಿ ಸೆಕ್ರೆಟರಿ ಆಗಿದ್ದ ನಮ್ಮೋರನ್ನ ತುಂಬಿದ ಸಭೇಲಿ ನೀರು ಬೆರೆಸೋ ಕಳ್ಳ ಅಂತ ಕೆಲಸದಿಂದ ಇಳಿಸಿದ್ರು, ಊರೆಲ್ಲಾ ನಕ್ಕಿತು. ಆಮೇಲೆ ಊಟ ಇಲ್ಲ, ಮಾತಿಲ್ಲ, ನಿದ್ದೆ ಇಲ್ಲ. ಗಂಡಸಿನ ಕೋಪ, ಇಳೀತದೆ ಅಂದ್ಕಂಡಿದ್ದೆ, ನಾನೆಂಥ ದಡ್ಡಿ. ಸಾಕಿದ ನಾಯಿ ಕೊಟ್ಟಾಗ್ಲೂ ಯಾಕೆ ಅಂತ ಕೇಳಲಿಲ್ಲ.

ಬಂದೂಕು ಸ್ಟೇಷನ್ನಿಗೇ ಒಪ್ಪಿಸಿದ್ವಿ. ವರ್ಷ ಪೂರ್ತಿ ಮನಸ್ಸಿನ ಡಾಕ್ಟ್ರ ಹತ್ರ ಓಡಾಡಿದ ಮೇಲೆ ನಮ್ಮೋರು ತಿರುಗಾ ಮನುಷ್ಯರಂಗಾದ್ರು. ನಾಯೀನೂ ಮನೆಗೆ ಬಂತು. ಸುಗ್ಗಿಗೊಂದು ಚೀಲ ಶೇಂಗಾ ಸಾಬ್ರಿಗೆ ಕೊಟ್ಟು ಬರ್ತೀನಿ. ಅವರಿಗೇನೂ ಖುಷಿ ಇಲ್ಲ. ಆವತ್ತು ಆ ಹೊಸದುರ್ಗದೋನಿಗೆ ಒಂದು ಲೋಟ ಟೀ ಯಾಕೆ ಕೊಡಲಿಲ್ಲ ನಾನು ಅಂತ ಈಗ್ಲೂ ಕೊರಗ್ತಾರೆ.

ಮೊನ್ನೆ ಅಂಗಳದಾಗೆ ಶೇಂಗಾ ಬಿಡಿಸ್ತಾ ನಮ್ಮೋರನ್ನ ಕೇಳೇಬಿಟ್ಟೆ, ಯಾರ್ಯಾರನ್ನ ಹೊಡೀಬೇಕು ಅಂತಿದ್ರಿ ಅಂತ. ಡೈರಿಯೋರ ನಾಲ್ಕು ಹೆಸರು ಹೇಳಿದ್ರು. ಆಮೇಲೆ ತಲೆ ತಗ್ಗಿಸಿ ಇನ್ನೊಬ್ರು ಇದ್ರು ಅಂದ್ರು.

"ಆವತ್ತು ಸಭೇಲಿ ಎಲ್ಲಾರ ಜತೆ ನೀನೂ ನಕ್ಕೆ, ಜಯಾ."

ನಕ್ಕಿದ್ದು ನಿಜ. ನನಗದು ಮರೆತೇ ಹೋಗಿತ್ತು.