ತುಟಿ ಓದುವ ಗಿರಣಿಯವರು

ಗೋಕಾಕದ ಹಳೆಯ ನೂಲಿನ ಗಿರಣಿಯನ್ನು ಮನೆಗಳಾಗಿ ಮಾಡಿದಾಗ ಮೈನಾಬಿ ಹಟ ಹಿಡಿದು ಅಲ್ಲೇ ಒಂದು ಮನೆ ಕೊಂಡಳು. ಇಪ್ಪತ್ತಾರು ವರ್ಷ ನಿಂತು ನೂಲು ಸುತ್ತಿದ ಜಾಗದಲ್ಲಿ ಈಗ ಅವಳ ಒಲೆ ಉರಿಯುತ್ತದೆ. ಎದುರು ಮನೆಯ ಯಮನವ್ವನೂ ಅದೇ ಗಿರಣಿಯವಳು. ಯಂತ್ರಗಳ ಗದ್ದಲಕ್ಕೆ ಇಬ್ಬರ ಕಿವಿಯೂ ಮಂದವಾಗಿ, ಗಂಟಲು ದೊಡ್ಡದಾಗಿತ್ತು. ಅವರು ಮಾತಿಗಿಳಿದರೆ ಮನೆಗಳ ನಡುವಿನ ಪಡಸಾಲೆಯ ಎತ್ತರದ ಛಾವಣಿ ಒಂದಕ್ಕೆ ನಾಲ್ಕು ಮಾಡಿ ಹಿಂತಿರುಗಿಸುತ್ತಿತ್ತು.

ನಿವಾಸಿಗಳ ಸಂಘದ ಕಾರ್ಯದರ್ಶಿ ಕಾಶಿನಾಥ ಸಭೆ ಕರೆದು ಕೈಮುಗಿದ. “ಅಕ್ಕಾರ, ಪಡಸಾಲ್ಯಾಗ ಇನ್ನ ಯಾರೂ ಒದರಬಾರ್ದ್ರಿ.”

“ಆತ್ರಿ,” ಎಂದಳು ಮೈನಾಬಿ.

ಮರುದಿನದಿಂದ ಇಬ್ಬರೂ ತಂತಮ್ಮ ಬಾಗಿಲಲ್ಲಿ ನಿಂತು, ಹಿಂದೆ ಯಂತ್ರಗಳ ನಡುವೆ ಮಾಡುತ್ತಿದ್ದಂತೆ, ಸದ್ದಿಲ್ಲದೆ ತುಟಿಯಾಡಿಸಿ, ಕೈಸನ್ನೆ ಮಾಡಿ ಹರಟತೊಡಗಿದರು. ಕಾಶಿನಾಥನಿಗೆ ಪರಮ ನೆಮ್ಮದಿ.

ಮುಂದಿನ ಸಭೆಯಲ್ಲಿ ಅವನು ಪಡಸಾಲೆಯ ಆ ತುದಿಯಲ್ಲಿ ಕೂತು ಹೆಂಡತಿಗೆ ಪಿಸುಗುಟ್ಟಿದ: “ಅಂತೂ ಎರಡೂ ಪೀಡಾ ತೊಲಗಿದ್ವು ನೋಡ.”

ಈ ತುದಿಯಲ್ಲಿದ್ದ ಮೈನಾಬಿ ಅವನ ತುಟಿಯನ್ನೇ ನೋಡುತ್ತಿದ್ದಳು. ಛಾವಣಿ ಗುಂಯ್‌ಗುಡುವಂತೆ ಗಂಟಲು ಬಿಚ್ಚಿದಳು:

“ಪೀಡಾ ಇಲ್ಲೇ ಕುಂತಾವ್ರಿ ಸಾಹೇಬ್ರ! ಬಿಸಿ ಭಜಿ ಮಾಡ್ಕೊಂಡ ಬಂದಾವು, ತಿಂತೀರೇನು?”